ಭಗೋಡಾ ಎಂಬುದಕ್ಕೆ ಕನ್ನಡ

ಕಾಗದ ಹಿಂದಿಯಲ್ಲಿತ್ತು. ಅದಕ್ಕೇ ನನ್ನನ್ನು ಕರೆದರು.
ಮುದಗಲ್ಲಿನಲ್ಲಿ ಹಿಂದಿ ಮಾತಾಡುವವರು ಬಹಳ ಮಂದಿ,
ಸರಕಾರಿ ಹಿಂದಿ ಓದಲು ಮಾತ್ರ ಹೈಸ್ಕೂಲಿನ ನಾನೇ ಬೇಕು.

ಮಾನಪ್ಪನ ಚಹಾದಂಗಡಿಯ ಬೆಂಚಿನ ಮೇಲೆ
ಪೊಲೀಸಪ್ಪ ಲಕೋಟೆ ಹರಿದು ಕೊಟ್ಟ.
ಯಂಕೋಬನ ತಾಯಿ ತಿಮ್ಮವ್ವ
ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದಳು,
ಒದ್ದೆ ಇಲ್ಲದ ಕೈ.

ಓದಿದೆ: ರಜೆ ಮುಗಿದು ನಲವತ್ತೊಂದು ದಿನ.
ಕಂಬಳಿ, ಒಂದು. ಬೂಟು, ಎರಡು ಜೊತೆ.
ಊಟದ ಡಬ್ಬಿ, ಒಂದು. ಸೊಳ್ಳೆಪರದೆ, ಒಂದು.
ಲೆಕ್ಕಕ್ಕೆ ಸಿಗದ ಸಾಮಾನು ಇಷ್ಟು.
ಕೊನೆಗೆ, ಮನುಷ್ಯ, ಒಬ್ಬ. ಹಾಗೆ ಬರೆದಿರಲಿಲ್ಲ.
ಬರೆದದ್ದು: ಭಗೋಡಾ.

'ಕನ್ನಡದಾಗ ಹೇಳ್ರಿ ಟೀಚರ್.'

ಪರಾರಿ ಎಂದರೆ ಕಳ್ಳನಾಗುತ್ತಾನೆ.
ಪಲಾಯನ ಎಂದರೆ ಪಾಠದ ರಾಜನಾಗುತ್ತಾನೆ.
ಓಡಿಹೋದವ ಎಂದೆ. ಹಿಂದಿನಿಂದ ಯಾರೋ
'ಯಾರ ಹುಡುಗಿ ಕೂಡ?' ಎಂದು ಕೇಳಿ ನಾಲಿಗೆ ಕಚ್ಚಿಕೊಂಡರು.
ಗೈರು ಎಂದು ತಿದ್ದಿದೆ.
ಎಂಟನೆಯ ಬ ವಿಭಾಗ, ಅವನ ನಂಬರು ಮೂವತ್ತೊಂದು.
ಕೆಂಪು ಶಾಯಿಯಲ್ಲಿ ಎಷ್ಟು ಸಲ ಬರೆದಿದ್ದೇನೆ, ಗೈ, ಗೈ.
ಮರುದಿನ ಬಂದು ತಾನೇ ಕೈ ಚಾಚುತ್ತಿದ್ದ,
ಎರಡೇಟು, ಮುಗಿಯಿತು ಲೆಕ್ಕ.

ಅಲ್ಲಿ ಲೆಕ್ಕ ಹಾಗೆ ಮುಗಿಯುವುದಿಲ್ಲವಂತೆ.
ರಿಟಾಯರ್ಡ್ ಹವಾಲ್ದಾರ ಖಾದರಸಾಬರು ಕಪ್ಪು ಕೆಳಗಿಟ್ಟರು:
'ರಾತ್ರಿ ಎರಡಕ್ಕ ಪಹರೆ ಬದಲಿ. ನೀ ಬರ್ತಿ ಅಂತ ನಾ ನಿಂತಿರ್ತೀನಿ.
ನೀ ಬರಲಿಲ್ಲ. ಕ್ಷಮಾ ಅನ್ನೂದು ಯಾರು ಮಾಡಬೇಕು,
ಊರೋ, ಸರಕಾರೋ,
ನಾಲ್ಕಾದರೂ ನಿಂತೇ ಇದ್ದ ನಾನೋ?'

ವಕೀಲ ಚನ್ನಬಸಯ್ಯ: 'ಆರೋಪಿ ಅನ್ರಿ, ಅಪರಾಧಿ ಇನ್ನೂ ಅಲ್ಲ.
ಜ್ವರ ಬಂದಿರಬಹುದು, ಮ್ಯಾಲಿನವ ಬಡಿದಿರಬಹುದು,
ತಲಿ ಕೆಟ್ಟಿರಬಹುದು. ವಿಚಾರಣೆ ಆಗಲಿ,
ಬಾಗಿಲು ತೆಗೆದು ಆಗಲಿ.'
'ಬಾಗಿಲಾ ತೆಗೆದು ಗಡಿ ಕಾಯ್ತಾರೇನ್ರಿ?' ಎಂದಿತು ಒಂದು ಗುಂಪು.

ಕಂದಕದ ಸುತ್ತ ನಸುಕಿನಲ್ಲಿ ಓಡುವ ಹುಡುಗರು
ಬೆವರಿನ ಬನಿಯನ್ನಿನಲ್ಲೇ ಬಂದು ನಿಂತಿದ್ದರು.
ಭರ್ತಿಗೆ ಇನ್ನು ಇಪ್ಪತ್ತು ದಿನ.
ಅವರಲ್ಲೊಬ್ಬ, ಈರಪ್ಪನೋ ಯಾರೋ, ಮೆಲ್ಲಗೆ ಹೇಳಿದ:
'ಜೋರ್ ಓಡ್ತಾನಂತ ತಗೊಂಡ್ರು. ಈಗ ಓಡಿದ ಅಂತ ಹಿಡೀತಾರ.'
ನಗಬೇಕೋ ಬೇಡವೋ ತಿಳಿಯದೆ
ಎಲ್ಲರೂ ಕೋಟೆಯ ಕಡೆ ನೋಡಿದರು.

ಎಷ್ಟು ಕೈ ಬದಲಿಸಿತೋ ಅದು. ಪ್ರತಿ ಸಲ
ನಿಂತವರು ಕಂದಕದಲ್ಲೇ ಉಳಿದರು.
ಹಾಗಾದರೆ ನಾವು ಯಾರ ಮೊಮ್ಮಕ್ಕಳು ಎಂದು
ಆ ಬೆಂಚಿನ ಮೇಲೆ ನಾನು ಕೇಳಲಿಲ್ಲ.

ಲಾಲಬೀ ಬಂದಳು. ಅವಳ ಮಗನ ಹೆಸರು
ಬಸ್ ನಿಲ್ದಾಣದ ಕಲ್ಲಿನ ಮೇಲಿದೆ, ಅದಕ್ಕೆ ಸುಣ್ಣ ಸಿಡಿದಿದೆ.
ಜಾಗ ಬಿಟ್ಟರು. ಕೂಡಲಿಲ್ಲ.
'ಬಿಡಬ್ಯಾಡ್ರಿ ಅವನ್ನ' ಅಂದಳು.
ತಿಮ್ಮವ್ವನ ಕೈ ನಿಂತಿತು.
'ಬಿಟ್ರ, ನನ್ನ ಮಗ ಯಾಕ ನಿಂತ ಅಂತ ನಾ ಯಾರಿಗೆ ಕೇಳಲಿ?
ಆದ್ರ ಮೊದಲ ಅವನ ಬಾಯಿಲೆ ಕೇಳ್ರಿ. ಕುಂದ್ರಿಸಿ, ನೀರು ಕೊಟ್ಟು.
ಅವನಿಗೆ ಬಾಯಿ ಇನ್ನಾ ಐತಿ.
ನಮ್ಮ ಮನಿಗೆ ಬಂದ ಪೆಟ್ಟಿಗಿಗೆ
ಮೊಳಿ ಹೊಡೆದಿದ್ರು.'

ಪೊಲೀಸಪ್ಪ ಫಾರಂ ತೆಗೆದ. ಹೆಬ್ಬೆಟ್ಟಿಗೆ ಒಂದು ಜಾಗ.
ಇನ್ನೊಂದು: ಗುರುತಿನ ಚಿಹ್ನೆ.
ತಿಮ್ಮವ್ವ ಕಿವಿಯ ಮಚ್ಚೆ ಹೇಳಿದಳು, ಬರೆದೆ.
ಎಡ ಮೊಣಕಾಲಿನ ಗಾಯ ನನಗೆ ಗೊತ್ತಿತ್ತು.
ಏಳು ಹೊಲಿಗೆ. ತಾಲೂಕು ಓಟದ ಕೊನೆಯ ಸುತ್ತು,
ಬಿದ್ದು, ಎದ್ದು, ಮತ್ತೆ ಓಡಿ ಮೂರನೆಯವನಾಗಿ ಬಂದಿದ್ದ,
ರಕ್ತ ನನ್ನ ಸೀರೆಗೆ.

'ಇನ್ನೇನರ ಗುರುತು?'

ಚಹಾ ಆರಿತ್ತು. ಮಾನಪ್ಪ ಸ್ಟೌ ಪಂಪು ಮಾಡುತ್ತಿದ್ದ.
ಇಲ್ಲ, ಎಂದೆ,
ಬೇರೆಯವನ ನಂಬರಿಗೆ ಹಾಜರ್ ಎನ್ನುವ
ಹಿಂದಿನ ಬೆಂಚಿನ ಹುಡುಗನ ದನಿಯಲ್ಲಿ.